ವಿಠ್ಠಲವಾಡಿಯಿಂದ ಅರಬೈಲಿಗೆ ಒಂದು ಕಾಂಬಿ

ವಿಠ್ಠಲವಾಡಿ ಎಂದರೆ ಮುಂಬಯಿಯಲ್ಲೇ ಇರುವ ಅರ್ಧ ಜನ "ಪುಣೆಯದ್ದಾ?" ಎಂದು ಕೇಳುತ್ತಾರೆ. ಪುಣೆಯ ಸಿಂಹಗಡ ರಸ್ತೆಯಲ್ಲೂ ಒಂದು ವಿಠ್ಠಲವಾಡಿ ಇದೆ, ನಿಜ. ನಮ್ಮದು ಬೇರೆ. ಕಲ್ಯಾಣ್ ದಾಟಿ ಕರ್ಜತ್ ಕಡೆಗೆ ತಿರುಗುವ ಲೋಕಲ್‌ನಲ್ಲಿ ಕೂತರೆ ಮೊದಲು ಸಿಗುವ ಸ್ಟೇಷನ್. ಒಂದು ಮಗ್ಗುಲಿಗೆ ಕಲ್ಯಾಣ್ ಪೂರ್ವ, ಇನ್ನೊಂದು ಮಗ್ಗುಲಿಗೆ ಉಲ್ಲಾಸನಗರ, ನಡುವೆ ಎಸ್.ಟಿ. ಡಿಪೋ ಮತ್ತು ವಾಲಧುನಿ ನದಿ. ನದಿ ಎನ್ನುವುದು ಈಗ ಹೆಸರಿಗಷ್ಟೇ. ಜೀನ್ಸ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳು ಜೋರಾಗಿದ್ದ ಕಾಲದಲ್ಲಿ ಇವತ್ತು ನೀಲಿ, ನಾಳೆ ಕಪ್ಪು ಎಂದು ಹರಿಯುತ್ತಿತ್ತು. 2005ರ ಜುಲೈ 26ರ ಮಳೆಯಲ್ಲಿ ಅದೇ ನೀರು ಮನೆಗಳೊಳಗೆ ಬಂದಿತ್ತು.

ಇಂಥ ಕಡೆ ನೋಡುವುದಕ್ಕೆ ಏನಿದೆ ಎಂದು ನೀವು ಕೇಳಬಹುದು. ನೋಡುವುದಕ್ಕೆ ಏನೂ ಇಲ್ಲ, ಮಾಡಿಸಿಕೊಳ್ಳುವುದಕ್ಕೆ ಎಲ್ಲವೂ ಇದೆ. ಎರಡನೇ ಮಹಾಯುದ್ಧದ ಸೈನಿಕ ಶಿಬಿರದ ಜಾಗದಲ್ಲಿ ದೇಶವಿಭಜನೆಯ ನಂತರ ಸಿಂಧಿ ನಿರಾಶ್ರಿತರು ಬಂದು ನೆಲೆಸಿ ಕಟ್ಟಿದ ಊರು ಉಲ್ಲಾಸನಗರ. ಇಂದಿಗೂ ವಿಳಾಸ ಹೇಳುವುದು ಕ್ಯಾಂಪ್ ನಂಬರಿನಲ್ಲೇ. ಇಲ್ಲಿ ತಯಾರಾದ ಮಾಲಿನ ಮೇಲಿನ 'ಮೇಡ್ ಇನ್ ಯುಎಸ್‌ಎ' ಎಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ತಮಾಷೆ ನಿಮಗೂ ಗೊತ್ತಿರುತ್ತದೆ. ತಮಾಷೆಯಲ್ಲಿ ಅರ್ಧ ನಿಜವಿದೆ. ಬೆಳಿಗ್ಗೆ ಒಡೆದ ರಬ್ಬರ್ ಪೈಪನ್ನೋ ಹೋದ ಗ್ಯಾಸ್ಕೆಟ್ಟನ್ನೋ ತೆಗೆದುಕೊಂಡು ಹೋದರೆ ಸಂಜೆಯೊಳಗೆ ಅದೇ ಅಳತೆಯದ್ದು ಕೈಗೆ ಬರುತ್ತದೆ. ಕಂಪೆನಿಯೇ ತಯಾರಿಸುವುದನ್ನು ಬಿಟ್ಟ ಕಾರನ್ನು ಓಡಿಸುವವನಿಗೆ ಇದಕ್ಕಿಂತ ಒಳ್ಳೆಯ ಊರು ಬೇಡ.

ನನ್ನದು ಸ್ಕೋಡಾ ಆಕ್ಟೇವಿಯಾ ಕಾಂಬಿ, 2006ರಲ್ಲಿ ನೋಂದಣಿಯಾದದ್ದು. 1896 ಸಿಸಿ ಟರ್ಬೊ ಡೀಸೆಲ್, 90 ಅಶ್ವಶಕ್ತಿ. ನಮ್ಮದೇ ಮಹಾರಾಷ್ಟ್ರದ ಔರಂಗಾಬಾದಿನಲ್ಲಿ ಜೋಡಿಸಿದ ಗಾಡಿ. 2016ರಲ್ಲಿ ಎರಡನೇ ಕೈಯಾಗಿ ಕೊಂಡೆ. ಆಗ ಕಟ್ಟಡದ ಕೆಳಗೆ ಸೇರಿದವರಲ್ಲಿ ಒಬ್ಬರು "ಶವ ಸಾಗಿಸೋ ಗಾಡಿ ಹಾಗಿದೆಯಲ್ಲ" ಎಂದುಬಿಟ್ಟರು. ಸ್ಟೇಷನ್ ವ್ಯಾಗನ್‌ಗೆ ನಮ್ಮ ದೇಶದಲ್ಲಿ ಈ ಮಾತು ಹೊಸದಲ್ಲ. 1992ರ ಟಾಟಾ ಎಸ್ಟೇಟ್, ಮಾರುತಿಯ ಬಲೆನೊ ಆಲ್ಟುರಾ, 2004ರ ಇಂಡಿಗೊ ಮರೀನಾ ಯಾವುದೂ ಹೆಚ್ಚು ದಿನ ನಿಲ್ಲಲಿಲ್ಲ. ಕನ್ನಡಿಗರು ನೆನಪಿಡಬೇಕಾದ ಒಂದು ಹೆಸರೂ ಈ ಸಾಲಿನಲ್ಲಿದೆ. ಫೈಬರ್ ಗ್ಲಾಸ್ ಮೈಯ ಡಾಲ್ಫಿನ್ ಮಾಡುತ್ತಿದ್ದ ಬೆಂಗಳೂರಿನ ಸಿಪಾನಿ ಕಂಪೆನಿ 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೊ ಕಾರನ್ನು ತಂದು ಜೋಡಿಸಿ ಮಾರಿತು. ಅದೂ ನಡೆಯಲಿಲ್ಲ. ಡಿಕ್ಕಿ ಪ್ರತ್ಯೇಕವಾಗಿ ಹಿಂದಕ್ಕೆ ಚಾಚಿಕೊಂಡಿದ್ದರೇ ಕಾರು ಎಂದು ನಮ್ಮವರು ತೀರ್ಮಾನಿಸಿಬಿಟ್ಟಿದ್ದಾರೆ.

ನಾನು ಇದನ್ನು ಕೊಂಡದ್ದು ಅಪ್ಪಯ್ಯನ ಮೊಣಕಾಲಿಗಾಗಿ. ಉಲ್ಲಾಸನಗರದ ಹೋಟೆಲೊಂದರಲ್ಲಿ 40 ವರ್ಷ ನಿಂತೇ ದುಡಿದ ಕಾಲುಗಳು, ಎರಡಕ್ಕೂ ಆಪರೇಷನ್ ಆಗಿದೆ. ಮತ್ಸ್ಯಗಂಧ ರೈಲು ಹಿಡಿಯಲು ಠಾಣೆಗೆ ಹೋಗಿ, ಅದು ನಿಲ್ಲುವ ಎರಡು ಮೂರು ನಿಮಿಷದಲ್ಲಿ ಮೆಟ್ಟಿಲು ಹತ್ತುವುದು ಅವರಿಂದ ಆಗದ ಮಾತು. ಸ್ಲೀಪರ್ ಬಸ್ಸಿನ ಏಣಿಯ ಸುದ್ದಿಯೇ ಬೇಡ. ಎತ್ತರದ ಎಸ್‌ಯುವಿಗಳಿಗೂ ಕಾಲೆತ್ತಬೇಕು. ಇದಕ್ಕಾದರೆ ಸೀಟಿನ ಮೇಲೆ ಕೂತು ಕಾಲು ಒಳಗೆ ಎಳೆದುಕೊಂಡರಾಯಿತು. ಹಿಂದೆ 548 ಲೀಟರಿನಷ್ಟು ಜಾಗ. ವಾಕರ್, ಕಮೋಡ್ ಕುರ್ಚಿ, ಅಮ್ಮನ ಎರಡು ಚೀಲ ಹಾಕಿದರೂ ಕುಂದಾಪುರದಿಂದ ಬರುವಾಗ ತೆಂಗಿನಕಾಯಿಗೆ ಸ್ಥಳ ಉಳಿಯುತ್ತದೆ.

ಆದರೆ ಗಾಡಿಯಲ್ಲಿ ದಮ್ಮೇ ಇರಲಿಲ್ಲ. ಮಲಂಗಗಡದ ಕಡೆಯ ರಸ್ತೆಯಲ್ಲಿ ಸಣ್ಣ ಏರು ಬಂದರೂ ಏದುಸಿರು ಬಿಟ್ಟು ಹಿಂದೆ ಕಪ್ಪು ಹೊಗೆ ಕಾರುತ್ತಿತ್ತು.

ಟರ್ಬೊ ಎಂದರೇನು ಎಂದು ಕಲ್ಯಾಣಿನಲ್ಲಿ ಬೆಳೆದವರಿಗೆ ಪುಸ್ತಕ ಓದಿ ತಿಳಿಯಬೇಕಿಲ್ಲ. ಇಲ್ಲಿಯ ಡೀಸೆಲ್ ಲೋಕೋ ಶೆಡ್ಡಿನ ಹಳೆಯ ಆಲ್ಕೋ ಎಂಜಿನ್ನುಗಳು, ಅಂದರೆ 2600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2ಗಳು, ಹೊರಡುವಾಗ ಮೊದಲು ದಟ್ಟ ಕರಿಹೊಗೆ ಉಗುಳುತ್ತಿದ್ದವು. ಕೆಲವು ಕ್ಷಣ ಕಳೆದು ಒಳಗಿನಿಂದ ಶಿಳ್ಳೆಯಂಥ ಸದ್ದು ಏರುತ್ತಿದ್ದಂತೆ ಹೊಗೆ ತಿಳಿಯಾಗುತ್ತಿತ್ತು. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಚಕ್ರ ವೇಗ ಹಿಡಿಯುವವರೆಗೆ ಡೀಸೆಲ್ ಹೆಚ್ಚು, ಗಾಳಿ ಕಮ್ಮಿ. ಸುಡದೆ ಉಳಿದದ್ದೇ ಕರಿಹೊಗೆ. ರೈಲಿಗೆ ಅದು ಒಂದೆರಡು ಕ್ಷಣದ ಮಾತು. ನನ್ನ ಕಾರಿನಲ್ಲಿ ಹೊಗೆ ನಿಲ್ಲುತ್ತಲೇ ಇರಲಿಲ್ಲ. ಅಂದರೆ ಅದುಮಿದ ಗಾಳಿ ಎಲ್ಲೋ ಸೋರುತ್ತಿದೆ, ಇಲ್ಲವೇ ಟರ್ಬೊಗೆ ಅದುಮು ಎಂಬ ಅಪ್ಪಣೆಯೇ ತಲುಪುತ್ತಿಲ್ಲ.

ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಒಂದನ್ನು ತರಿಸಿದೆ. ಹಳೆಯ ಲ್ಯಾಪ್‌ಟಾಪನ್ನು ಮಗನ ತೊಡೆಯ ಮೇಲಿಟ್ಟು ಶಿಲ್ ರಸ್ತೆಯಲ್ಲಿ ಬೆಳಗಿನ ಜಾವ ಓಡಿಸಿದೆವು. ಪರದೆಯ ಮೇಲೆ ಎರಡು ಅಂಕಿ: ಎಂಜಿನ್ನಿನ ಮೆದುಳು ಎಷ್ಟು ಒತ್ತಡ ಕೇಳುತ್ತಿದೆ, ನಿಜವಾಗಿ ಎಷ್ಟು ಸಿಗುತ್ತಿದೆ. ಕೇಳುತ್ತಿದ್ದದ್ದು ಸುಮಾರು 1,900 ಮಿಲಿಬಾರ್, ಸಿಗುತ್ತಿದ್ದದ್ದು 1,450. ಹೊರಗಿನ ಬರೀ ಗಾಳಿಯ ಒತ್ತಡವೇ 1,000 ಇರುತ್ತದೆ ಎಂದು ನೆನಪಿಟ್ಟರೆ ಟರ್ಬೊ ತನ್ನ ಕೆಲಸದಲ್ಲಿ ಅರ್ಧವನ್ನಷ್ಟೇ ಮಾಡುತ್ತಿದೆ ಎಂದಾಯಿತು. "ಟರ್ಬೊ ಬದಲಿಸಿ" ಎಂದು ಸಲಹೆ ಕೊಟ್ಟವರು ಬಹಳ ಜನ. ಬದಲಿಸಿದ್ದು ಏನು ಗೊತ್ತೇ? ನಾಲ್ಕು ಮೀಟರ್ ತೆಳು ರಬ್ಬರ್ ನಳಿಕೆ. ಟರ್ಬೊವನ್ನು ಹತೋಟಿಯಲ್ಲಿಡುವ ವಾಲ್ವಿಗೆ ಹೋಗುವ ನಳಿಕೆಗಳು ಹತ್ತು ವರ್ಷದ ಬಿಸಿಗೆ ಬಿಸ್ಕತ್ತಿನಂತೆ ಮುರಿಯುತ್ತಿದ್ದವು. ಕ್ಯಾಂಪ್ ನಂಬರ್ 4ರಲ್ಲಿ ಮೀಟರ್ ಲೆಕ್ಕದಲ್ಲಿ ಸಿಕ್ಕಿತು. ಒಂದು ಭಾನುವಾರ ಹೋಯಿತು, ಒತ್ತಡ 1,850ಕ್ಕೆ ಬಂತು.

ಆಮೇಲಿನದು ಕೊಳಕು ಕೆಲಸ. ಸುಟ್ಟ ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ಎಂಬ ವ್ಯವಸ್ಥೆ ಇದರಲ್ಲಿದೆ. ಆ ಮಸಿ ಎಣ್ಣೆಯ ಆವಿಯ ಜೊತೆ ಸೇರಿ ಗಾಳಿ ಒಳಹೋಗುವ ದಾರಿಯಲ್ಲಿ ಡಾಂಬರಿನಂತೆ ಕಟ್ಟಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಮೂರು ಬೆರಳು ಹೋಗಬೇಕಾದಲ್ಲಿ ಒಂದು ಬೆರಳು ಹೋಗುತ್ತಿತ್ತು. ಅಪ್ಪಯ್ಯನ ಹೋಟೆಲಿನ ಹಳೆಯ ಅಲ್ಯುಮಿನಿಯಂ ಪಾತೇಲಿಯಲ್ಲಿ ಡೀಸೆಲ್ ಹಾಕಿ, ರಾತ್ರಿಯಿಡೀ ನೆನೆಸಿ, ಮರದ ಚಕ್ಕೆಯಿಂದ ಕೆರೆದೆ. ಎರಡು ಭಾನುವಾರ ಹಿಡಿಯಿತು. ಒಬ್ಬರು ನೆರೆಯವರು "ಆ ಗಲೀಜನ್ನು ನಾಲೆಗೆ ಸುರಿದುಬಿಡಿ, ಅಲ್ಲಿ ಇನ್ನೇನು ಉಳಿದಿದೆ" ಎಂದರು. ಕ್ಯಾನಿಗೆ ತುಂಬಿಸಿ ಗ್ಯಾರೇಜಿನ ವೇಸ್ಟ್ ಆಯಿಲ್ ಡ್ರಮ್ಮಿಗೆ ಕೊಟ್ಟು ಬಂದೆ. ವಾಲಧುನಿಗೆ ನನ್ನ ಕಡೆಯಿಂದಲೂ ಒಂದು ಬಣ್ಣ ಬೇಡ.

ಹೀಗೇ ಒಂದೊಂದಾಗಿ. ಗಾಳಿ ಅಳೆಯುವ ಸೆನ್ಸರ್ ಬದಲಾಯಿತು. ಗಾಳಿ ತಂಪು ಮಾಡುವ ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆ ಬಸಿದು, ಒಡೆದ ದಪ್ಪ ಪೈಪುಗಳ ಜಾಗಕ್ಕೆ ಸಿಲಿಕೋನ್ ಪೈಪು ಬಂತು. ಹಿಂದಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಹೊಸವಾದವು. ಟೈಮಿಂಗ್ ಬೆಲ್ಟ್ ಮಾತ್ರ ಮನೆಯಲ್ಲಿ ಮುಟ್ಟಲಿಲ್ಲ. ಒಂದು ಹಲ್ಲು ಆಚೀಚೆಯಾಗಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದರೆ ಎಂಜಿನ್ನಿನ ಕತೆ ಮುಗಿಯಿತು, ಅದು ಪಳಗಿದ ಕೈಯ ಕೆಲಸ.

ನಿಜವಾದ ಮಾರ್ಪಾಡು ಎಂದು ನಾನು ಕರೆಯುವುದು ಬ್ರೇಕನ್ನು. ಮುಂದೆ ಇದ್ದದ್ದು 256 ಮಿಲಿಮೀಟರ್ ಡಿಸ್ಕು. ಇದೇ ಆಕ್ಟೇವಿಯಾದ ಹೆಚ್ಚು ಶಕ್ತಿಯ ಮಾದರಿಗೆ ಕಂಪೆನಿಯೇ ಹಾಕುತ್ತಿದ್ದ 280ರ ಡಿಸ್ಕು ಇದಕ್ಕೂ ಕೂರುತ್ತದೆ. ಅದರ ಕ್ಯಾಲಿಪರ್ ಹುಡುಕಿ ಕುರ್ಲಾದ ಸಿಎಸ್‌ಟಿ ರೋಡಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಮೂರು ಶನಿವಾರ ಅಲೆದೆ. ಸಿಕ್ಕಿದ ಮೇಲೆ ಸೀಲು, ಡಿಸ್ಕು, ಪ್ಯಾಡು ಎಲ್ಲ ಹೊಸದು ಹಾಕಿದೆ. ಓಡುವುದಕ್ಕೆ ಖರ್ಚು ಮಾಡುವವರು ನಿಲ್ಲುವುದಕ್ಕೆ ಮೊದಲು ಮಾಡಬೇಕು ಎನ್ನುವುದು ನನ್ನ ಹಟ. ಈ ಹವ್ಯಾಸದ ಹುಡುಗರಿಗೆ ಇದು ರುಚಿಸುವುದಿಲ್ಲ.

ನನ್ನ ಮಗನಿಗೂ ರುಚಿಸಲಿಲ್ಲ. ಅವನಿಗೆ ಬೇಕಾದದ್ದು ಮ್ಯಾಪ್. ಎಂಜಿನ್ನಿನ ಮೆದುಳಿನಲ್ಲಿರುವ ಲೆಕ್ಕದ ಪಟ್ಟಿಯನ್ನು ಬದಲಿಸಿ ಒತ್ತಡ, ಡೀಸೆಲ್ ಎರಡನ್ನೂ ಏರಿಸುವುದು. 90ರ ಜಾಗದಲ್ಲಿ 120 ಅಶ್ವಶಕ್ತಿ ಸುಲಭ ಎಂದು ಒಬ್ಬರು ಟ್ಯೂನರ್ ಹೇಳಿದ್ದರು. ಈ ಎಂಜಿನ್ನಿನ ಮಟ್ಟಿಗೆ ಅದು ಸುಳ್ಳೂ ಅಲ್ಲ. ನಾವಿಬ್ಬರೂ ಆರು ತಿಂಗಳು ವಾದ ಮಾಡಿದೆವು. ಕ್ಲಚ್ ತಡೆದೀತೇ ಎನ್ನುವುದು ಒಂದು. ದೊಡ್ಡ ಪ್ರಶ್ನೆ ಬೇರೆ. 2021ಕ್ಕೆ ಗಾಡಿಗೆ 15 ವರ್ಷ ತುಂಬುತ್ತಿತ್ತು. ಕಲ್ಯಾಣಿನ ಎಂಎಚ್-05 ಆರ್‌ಟಿಒದಲ್ಲಿ ತಪಾಸಣೆಯಾಗಿ ಮತ್ತೆ ಐದು ವರ್ಷಕ್ಕೆ ಆರ್‌ಸಿ ಸಿಗಬೇಕು. ಕಂಪೆನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯ ವಿವರಕ್ಕೂ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದು ಸೇರಿತು. "ಮ್ಯಾಪ್ ಕಣ್ಣಿಗೆ ಕಾಣೋದಿಲ್ಲವಲ್ಲ ಪಪ್ಪಾ" ಎಂದ ಮಗ. ಆರ್‌ಟಿಒ ಕಣ್ಣಿಗೆ ಕಾಣದಿರಬಹುದು. ಘಾಟಿಯಲ್ಲಿ ಏನಾದರೂ ಆಗಿ, ಅಜ್ಜ ಅಜ್ಜಿ ಒಳಗಿದ್ದು, ವಿಮೆಯವರು ಕಾರು ಬಿಚ್ಚಿ ನೋಡಿದರೆ? ಇದಕ್ಕೆ ಅವನಲ್ಲಿ ಉತ್ತರ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. ಮ್ಯಾಪ್ ಹಾಕಿಸಲಿಲ್ಲ.

ಹಾಗೆಂದು ಟ್ಯೂನಿಂಗ್ ಆಗಲಿಲ್ಲವೇ? ಪಿಯುಸಿಯಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಎಂದು ಅಳೆಯುತ್ತಾರೆ. ಈ ಕಾಲದ ಗಾಡಿಗೆ 65ರ ಮಿತಿ. ಕೊಂಡ ವರ್ಷ 61 ಬಂದಿತ್ತು. ಆರ್‌ಸಿಗೆ ಮುಂಚೆ ಮಾಡಿಸಿದಾಗ 28.

2022ರ ದೀಪಾವಳಿಗೆ ಊರಿಗೆ ಹೊರಟೆವು. ಹತ್ತಿರದ ದಾರಿ ಗೋವಾ ಹೆದ್ದಾರಿ, ಆದರೆ ಅದರ ಕಾಮಗಾರಿ ಮತ್ತು ಗುಂಡಿಗಳ ಪುರಾಣ ನಿಮಗೆ ಹೇಳಬೇಕಾಗಿಲ್ಲ. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ಎಂದು ಸುತ್ತು ಹಾಕಿ ಕುಂದಾಪುರಕ್ಕೆ 850 ಕಿಲೋಮೀಟರ್ ಆಸುಪಾಸು. ಬೆಳಗಾವಿಯಲ್ಲಿ ರಾತ್ರಿ ತಂಗುವ ಲೆಕ್ಕ. ಹೊರಡುವಾಗ ಅಪ್ಪಯ್ಯ ಕೇಳಿದ್ದು ಒಂದೇ: "ಇದ್ ಊರಿಗ್ ಮುಟ್ಟತ್ತಾ ಮಗಾ?"

ಪುಣೆ ದಾಟಿದ ಮೇಲೆ ಖಂಬಾಟಕಿ ಘಾಟಿ. ಆಗ ಬರುವವರಿಗೆ ಸುರಂಗವಿತ್ತು, ಹೋಗುವವರು ಹತ್ತಲೇಬೇಕಿತ್ತು. ಸಕ್ಕರೆಯೋ ಸಿಮೆಂಟೋ ಹೊತ್ತ ಲಾರಿಗಳ ಸಾಲು, ಅವುಗಳ ಹಿಂದೆ ನಿಧಾನಕ್ಕೆ ಉರುಳುವ ನಾವು. ಈ ಎಂಜಿನ್ನಿನ ಪೂರ್ತಿ ಎಳೆತ, 210 ನ್ಯೂಟನ್ ಮೀಟರ್, ಸಿಗುವುದು 1,900 ಸುತ್ತಿನಲ್ಲೇ. ಜಾಗ ಸಿಕ್ಕಿದಲ್ಲಿ ಮೂರನೇ ಗೇರಿನಲ್ಲಿ ಮೆಲ್ಲಗೆ ಕಾಲಿಟ್ಟೆ. ಶಿಳ್ಳೆಯ ಸದ್ದು ಏರಿತು, ಐದು ಜನ ಮತ್ತು ಹಿಂದಿನ ಸಾಮಾನು ಸಮೇತ ಗಾಡಿ ಯಾರೋ ಬೆನ್ನಿಗೆ ಕೈಕೊಟ್ಟ ಹಾಗೆ ಮೇಲೆ ಹೋಯಿತು. ಕನ್ನಡಿಯಲ್ಲಿ ಹೊಗೆ ಕಾಣಲಿಲ್ಲ. ಮಗ ಲ್ಯಾಪ್‌ಟಾಪ್ ತೆರೆದಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದ, ಏನೂ ಹೇಳಲಿಲ್ಲ.

ಘಾಟಿ ಹತ್ತಿದ ಮೇಲೆ ಚಹಾಕ್ಕೆ ನಿಲ್ಲಿಸಿ ಎಂಜಿನ್ನನ್ನು ಒಂದು ನಿಮಿಷ ಹಾಗೇ ಬಿಟ್ಟೆ. ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಿದ ಚಕ್ರಕ್ಕೆ ಎಣ್ಣೆ ತಟ್ಟನೆ ನಿಂತರೆ ಅಲ್ಲೇ ಸುಟ್ಟು ಕರಿಕಾಗುತ್ತದೆ. ಅಪ್ಪಯ್ಯನಿಗೆ ಈ ಒಂದು ನಿಮಿಷ ಯಾವತ್ತೂ ಸಹಿಸುವುದಿಲ್ಲ. "ಡೀಸೆಲ್ ಸುಮ್ನೆ ಉರೀತಿತ್ತ್" ಎಂದು ಗೊಣಗುತ್ತಾರೆ. ಹೋಟೆಲಿನಲ್ಲಿ ಗಿರಾಕಿ ಎದ್ದ ಕೂಡಲೇ ಫ್ಯಾನ್ ಆರಿಸಿದ ಕೈ ಅದು.

ಮರುದಿನ ಯಲ್ಲಾಪುರ ದಾಟಿ ಅರಬೈಲ್ ಇಳಿದೆವು. ಕಾಡಿನ ನಡುವೆ ಸುತ್ತಿ ಸುತ್ತಿ ಇಳಿಯುವ ರಸ್ತೆ, ಅಂಕೋಲಾದ ಕಡೆಯ ಬಿಸಿಗಾಳಿ ಒಂದೊಂದೇ ತಿರುವಿಗೆ ಮೇಲೇರಿ ಬರುತ್ತದೆ. ಇಲ್ಲಿ ಟರ್ಬೊಗೆ ಕೆಲಸವಿಲ್ಲ. ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನೇ ಹಿಡಿಯಬೇಕು, ಮಿಕ್ಕದ್ದು ಬ್ರೇಕು. ಎದುರಿನಿಂದ ಅದಿರಿನ ಲಾರಿಯಷ್ಟೇ ದೊಡ್ಡದೊಂದು ತಿರುವಿನಲ್ಲಿ ನಮ್ಮ ಬದಿಗೇ ಬಂತು. ಕಾಲು ಒತ್ತಿದೆ, ಗಾಡಿ ನೆಟ್ಟಗೆ ನಿಂತಿತು. ಅಮ್ಮನ ಮಡಿಲಲ್ಲಿದ್ದ ಸ್ಟೀಲ್ ಡಬ್ಬಿ ಕೂಡ ಬೀಳಲಿಲ್ಲ. ಅಪ್ಪಯ್ಯ ನಿದ್ದೆಯಿಂದ ಎದ್ದು "ಅಂಕೋಲಾ ಬಂತಾ?" ಎಂದರು. ಆ ಹೊತ್ತಿಗೆ 280 ಮಿಲಿಮೀಟರಿನ ಮೇಲೆ ಹಾಕಿದ ದುಡ್ಡಿನ ಲೆಕ್ಕ ನನ್ನ ಮಟ್ಟಿಗೆ ಚುಕ್ತಾ ಆಯಿತು.

ನಿಮ್ಮಲ್ಲಿ ಯಾರಾದರೂ ಹಳೆಯ ಟರ್ಬೊ ಡೀಸೆಲ್ ಇಟ್ಟುಕೊಂಡಿದ್ದರೆ ನನ್ನದೊಂದು ಮಾತು: ಯಾರಾದರೂ ಟರ್ಬೊ ಹೋಗಿದೆ ಎಂದರೆ ಮೊದಲು ಕೇಬಲ್ ಹಾಕಿ ಅಂಕಿ ನೋಡಿ, ಆಮೇಲೆ ನಳಿಕೆ ಮುಟ್ಟಿ ನೋಡಿ. ಉಲ್ಲಾಸನಗರಕ್ಕೆ ಬಂದರೆ ಅಂಗಡಿ ತೋರಿಸುತ್ತೇನೆ.

ಆರ್‌ಸಿ 2026ರವರೆಗೆ ಇದೆ. ಸದ್ಯಕ್ಕೆ ಬಾಕಿ ಉಳಿದದ್ದು ಹಿಂದಿನ ಬಾಗಿಲನ್ನು ಎತ್ತಿ ಹಿಡಿಯುವ ಎರಡು ಗ್ಯಾಸ್ ಕಂಬಿಗಳು. ಅವು ಸೋತಿವೆ, ಬಾಗಿಲು ತಾನಾಗಿ ನಿಲ್ಲುವುದಿಲ್ಲ. ನಾನು ವಾಕರ್ ಹೊರಗೆ ತೆಗೆಯುವಷ್ಟು ಹೊತ್ತು ಅಮ್ಮ ಕೊಡೆಯ ತುದಿ ಕೊಟ್ಟು ಅದನ್ನು ಹಿಡಿದುಕೊಂಡಿರುತ್ತಾಳೆ. ಬರುವ ಭಾನುವಾರದ ಕೆಲಸ ಅದು.