ಇಂಜಿನ್ನಿಗೆ ಜ್ವರ ಬಂದಾಗ...

ಕಳೆದ ವಾರ ಆಫೀಸಿನಲ್ಲಿ ಕೂತಿದ್ದಾಗ ಮೊಬೈಲಿಗೊಂದು ಫೋಟೋ ಬಂತು. ಅಕ್ಕನ ಮಗ ಬೋಟಿನಿಂದ ಕಳಿಸಿದ್ದು. ಇಂಜಿನ್ನಿನ ಟೆಂಪರೇಚರ್ ಮೀಟರು, ಮುಳ್ಳು ನೂರರ ಹತ್ತಿರ. ಕೆಳಗೆ ಒಂದೇ ಸಾಲು: "ಮಾವ, ಎಂತ ಮಾಡೂದ್?"

ಮಲ್ಪೆ ಬಿಟ್ಟು ಸ್ವಲ್ಪವೇ ದೂರ ಹೋಗಿದ್ದನಂತೆ, ಹಾಗಾಗಿ ನೆಟ್‌ವರ್ಕ್ ಇತ್ತು. ಮೊದಲು ಬರೆದದ್ದು, "ಮುಚ್ಳ ಮುಟ್ಬೇಡ." ಆಮೇಲೆ, ಇಂಜಿನ್ ನಿಧಾನ ಮಾಡಿ ಬಂದ್ ಮಾಡು. ಆಮೇಲೆ, ಬೋಟಿನ ಪಕ್ಕದ ಪೈಪಿನಿಂದ ನೀರು ಬೀಳ್ತಾ ಇತ್ತಾ ಇಲ್ವಾ? ಇಲ್ಲ ಅಂದ. ಹತ್ತು ನಿಮಿಷದಲ್ಲಿ ಮತ್ತೊಂದು ಫೋಟೋ. ಜಾಲರಿಗೆ ಸುತ್ತಿಕೊಂಡ ಪ್ಲಾಸ್ಟಿಕ್ ಚೀಲ! ಮೀನಿಗಿಂತ ಅದೇ ಜಾಸ್ತಿ ಸಿಗುತ್ತೆ ಈಗ ನಮ್ಮ ಕಡಲಲ್ಲಿ ಬಿಡಿ...

ಬೋಟಿನ ಇಂಜಿನ್ ಹೇಗೆ ತಣ್ಣಗಾಗುತ್ತೆ ಅಂತ ಘಟ್ಟದ ಮೇಲಿನ ಗೆಳೆಯರು ಕೇಳ್ತಿರ್ತಾರೆ. ಸುತ್ತ ಅಷ್ಟೊಂದು ನೀರಿದೆಯಲ್ಲ, ಬಿಸಿಯಾಗೋದು ಯಾಕೆ ಅಂತ. ಆದರೆ ಆ ಉಪ್ಪುನೀರನ್ನು ನೇರ ಇಂಜಿನ್ನಿನೊಳಗೆ ಬಿಟ್ಟರೆ ಕಬ್ಬಿಣ ತಿಂದುಹಾಕುತ್ತೆ. ನೀರು 55-60 ಡಿಗ್ರಿ ದಾಟಿತೋ, ಬಿಸಿನೀರಿನ ಹಂಡೆಗೆ ಕಟ್ಟುವಂಥ ಗಟ್ಟಿ ಪದರ ಒಳಗೆಲ್ಲ ಕಟ್ಟಿಕೊಳ್ಳುತ್ತೆ. ಅದಕ್ಕೇ ನಮ್ಮ ಬೋಟಿನಲ್ಲಿ ಇಂಜಿನ್ನಿನೊಳಗೆ ಸಿಹಿನೀರು ಸುತ್ತುತ್ತೆ. ಆ ಸಿಹಿನೀರನ್ನು ತಣಿಸಲಿಕ್ಕೆ ಕಡಲನೀರು, ಬೇರೆ ಕೊಳವೆಗಳಲ್ಲಿ. ಅಕ್ಕಪಕ್ಕ ಹರಿದರೂ ಒಂದಕ್ಕೊಂದು ಸೇರೋದಿಲ್ಲ. ಕಡಲನೀರನ್ನು ಎಳೆಯೋದು ಒಂದು ಸಣ್ಣ ಪಂಪು, ಅದರೊಳಗೆ ರಬ್ಬರಿನ ಚಕ್ರ. ಇಂಪೆಲ್ಲರ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಆರು ರೆಕ್ಕೆ. ಅಷ್ಟು ದೊಡ್ಡ ಆರು ಸಿಲಿಂಡರಿನ ಇಂಜಿನ್ನು ಈ ರಬ್ಬರಿನ ಮೇಲೆ ನಿಂತಿದೆ ಅಂದರೆ ನಂಬ್ತೀರಾ?

ಈ ರಬ್ಬರಿಗೆ ಎರಡು ಶತ್ರು. ಒಂದು, ನೀರಿಲ್ಲದೆ ತಿರುಗೋದು. ನೀರೇ ಅದಕ್ಕೆ ಗ್ರೀಸು, ಒಣ ತಿರುಗಿದರೆ ಒಂದೆರಡು ನಿಮಿಷಕ್ಕೇ ಸುಟ್ಟುಹೋಗುತ್ತೆ. ಇನ್ನೊಂದು, ಸುಮ್ಮನೆ ಕೂರೋದು. ಪಂಪಿನೊಳಗೆ ಒಂದೆರಡು ರೆಕ್ಕೆ ಯಾವಾಗಲೂ ಬಾಗಿ ಒತ್ತಿಕೊಂಡೇ ಇರುತ್ತೆ. ಮಳೆಗಾಲದ ರಜೆಯಲ್ಲಿ (ಈಗ ಜೂನ್ 1ರಿಂದ ಜುಲೈ 31, 61 ದಿನ) ಹಾಗೇ ಬಿಟ್ಟರೆ ಬಾಗಿದ್ದು ಬಾಗಿದ ಹಾಗೇ ಗಟ್ಟಿಯಾಗಿ ಬುಡದಲ್ಲಿ ಬಿರುಕು ಬಿಡುತ್ತೆ. ಅದಕ್ಕೆ ಬೋಟು ಕಟ್ಟಿದ ಮೇಲೆ ಇಂಪೆಲ್ಲರ್ ಬಿಚ್ಚಿ ನೆರಳಲ್ಲಿ ಇಡಬೇಕು. ಕೆಲವೇ ಸ್ಕ್ರೂ. ಅರ್ಧ ಗಂಟೆ ಕೆಲಸ.

2006ರ ಮಳೆಗಾಲದಲ್ಲಿ ಆ ಅರ್ಧ ಗಂಟೆಯ ಕೆಲಸ ನನ್ನದಾಗಿತ್ತು. ಕಾಲೇಜು ಹುಡುಗ, ಫುಟ್‌ಬಾಲ್ ವಿಶ್ವಕಪ್ ಬೇರೆ. ಜುಲೈ 9ರ ಫೈನಲ್ಲಿನಲ್ಲಿ ಜಿದಾನ್ ತಲೆಯಿಂದ ಗುದ್ದಿದ್ದು ಇವತ್ತಿಗೂ ಕಣ್ಣಮುಂದಿದೆ. ಪಂಪು ಮಾತ್ರ ನೆನಪಾಗಲೇ ಇಲ್ಲ :) ಅಪ್ಪಯ್ಯ ಕೇಳಿದ್ರು, "ತೆಗ್ದ್ ಇಟ್ಯಾ?" "ಹ್ಞೂಂ" ಅಂದೆ. ನಾಳೆ ತೆಗೆದರಾಯ್ತು ಅಂತ ಹೇಳಿದ ಹ್ಞೂಂ ಅದು. ಆ ನಾಳೆ ಬರಲಿಲ್ಲ. ಸೀಸನ್ ಶುರುವಾಗುವಾಗ ಇನ್ನೊಂದು ಸುಳ್ಳು, "ವಾಪಸ್ ಹಾಕಿದೆ."

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಸೇಂಟ್ ಮೇರೀಸ್ ದ್ವೀಪದ ಪಡುವಣಕ್ಕೆ ಇದ್ದೆವು, ಐದು ಜನ. ಮುಳ್ಳು ಏರಿತು. ಪಕ್ಕದ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು ಅಷ್ಟೆ. ಇಂಜಿನ್ ಬಂದ್ ಮಾಡಿದ ಕೂಡಲೇ ಪಡುಗಾಳಿ ಬೋಟನ್ನು ದ್ವೀಪದ ಕಡೆ ದೂಡತೊಡಗಿತು. ಆ ಕಂಬಕಂಬದ ಕರಿಬಂಡೆಗಳನ್ನು ಪ್ರವಾಸಿಗರು ಫೋಟೋ ತೆಗೀತಾರೆ, ಕೆಟ್ಟುನಿಂತ ಬೋಟಿನಿಂದ ನೋಡಿದರೆ ಚಂದ ಕಾಣೋದಿಲ್ಲ ಮಾರಾಯ್ರೆ. ಅಪ್ಪಯ್ಯ ಲಂಗರು ಬಿಡಲು ಮುಂದಕ್ಕೆ ಓಡಿದರು. ಅಷ್ಟರಲ್ಲಿ ಭಾವ, ನೀರು ಕಮ್ಮಿಯಾಗಿರಬೇಕು ಅಂತ ಗೋಣಿ ಹಿಡಿದು ಸಿಹಿನೀರಿನ ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಕುಕ್ಕರಿನ ಲೆಕ್ಕವೇ ಅದು. ಮುಚ್ಚಳದ ಒತ್ತಡ ಇರುವ ತನಕ ನೂರು ಡಿಗ್ರಿ ದಾಟಿದರೂ ನೀರು ಕುದಿಯೋದಿಲ್ಲ. ತೆಗೆದ ಕ್ಷಣ ಎಲ್ಲ ಒಟ್ಟಿಗೆ ಕುದಿದು ಮೇಲೆ ಹಾರುತ್ತೆ. ಮಣಿಕಟ್ಟಿನಿಂದ ಮೊಣಕೈ ತನಕ ಬೆಂದುಹೋಯಿತು. ಕುಡಿಯುವ ನೀರಿನ ಕ್ಯಾನು ಪೂರ್ತಿ ಅವನ ಕೈಗೆ ಸುರಿದೆವು. ಅವನು ಕೂಗಲಿಲ್ಲ, ಹಲ್ಲು ಕಚ್ಚಿ ಕೂತಿದ್ದ. ಅಕ್ಕನ ಮದುವೆಯಾಗಿ ಆಗ ಐದು ತಿಂಗಳು.

ಲಂಗರು ಪುಣ್ಯಕ್ಕೆ ಕಚ್ಚಿತು. ಅಪ್ಪಯ್ಯ ಜಾಲರಿ ನೋಡಿದರು, ಚೊಕ್ಕ. ಪಂಪು ಬಿಚ್ಚಿದರು. ಆರು ರೆಕ್ಕೆಯಲ್ಲಿ ಮೂರು ಇರಲಿಲ್ಲ, ಉಳಿದವು ಒಂದೇ ದಿಕ್ಕಿಗೆ ಬಾಗಿ ಕಲ್ಲಿನಂತಾಗಿದ್ದವು. ಎರಡು ತಿಂಗಳು ಬಿಚ್ಚಿಟ್ಟ ರಬ್ಬರು ಹಾಗಿರೋದಿಲ್ಲ ಅಂತ ಅವರಿಗೆ ಗೊತ್ತು. ಒಮ್ಮೆ ಅದನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಉಳ್ದ ತುಂಡ್ ಎಲ್ಲಿತ್ತ್, ಹುಡ್ಕ್" ಅಂದರು. ಅಷ್ಟೇ.

ಹೊಸ ಇಂಪೆಲ್ಲರ್ ಹಾಕಿದರೆ ಮುಗೀಲಿಲ್ಲ ನೋಡಿ. ಮುರಿದ ತುಂಡುಗಳು ನೀರಿನ ಜೊತೆ ಮುಂದೆ ಹೋಗಿ ಸಣ್ಣ ಕೊಳವೆಗಳ ಬಾಯಿಗೆ ಕೂತುಬಿಡುತ್ತವೆ. ಬಿಸಿ ಇಂಜಿನ್ನಿನ ಪಕ್ಕ ಬಗ್ಗಿ, ಪೈಪು ಬಿಚ್ಚಿ, ತಂತಿ ಹಾಕಿ ಹುಡುಕಿದೆ. ಎರಡು ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಪೆಟ್ಟಿಗೆಯಲ್ಲಿದ್ದ ಬದಲಿ ಇಂಪೆಲ್ಲರಿಗೆ ಸೋಪುನೀರು ಸವರಿ ಕೂರಿಸಿ, ಇಂಜಿನ್ ತಣಿದ ಮೇಲೆ ಸ್ವಲ್ಪ ಸ್ವಲ್ಪವೇ ಸಿಹಿನೀರು ಹಾಕಿ ಹೊರಟೆವು. ಕಾದ ಕಬ್ಬಿಣಕ್ಕೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ಡು ಸೀಳುತ್ತೆ. ಕಾಯಲೇಬೇಕು. ಭಾವನನ್ನು ಎದುರಿಗೆ ಕೂರಿಸಿಕೊಂಡು ಕಾದ ಆ ಒಂದು ಗಂಟೆ ಇದೆಯಲ್ಲ...

ಮೂರನೇ ತುಂಡು ಸಿಕ್ಕಿದ್ದು ಮರುವರ್ಷದ ಮಳೆಗಾಲದಲ್ಲಿ, ಗೇರ್‌ಬಾಕ್ಸಿನ ಎಣ್ಣೆ ತಣಿಸುವ ಕೂಲರಿನೊಳಗೆ. ಅಪ್ಪಯ್ಯ ಅದನ್ನು ಮನೆಗೆ ತಂದು, ನಾನು ಊಟಕ್ಕೆ ಕೂತಿದ್ದಾಗ ಬಟ್ಟಲಿನ ಪಕ್ಕ ಇಟ್ಟು ಕೈ ತೊಳೆಯಲು ಹೋದರು. ಭಾವನೂ ಪಂಕ್ತಿಯಲ್ಲಿದ್ದ. ಇದೆಂಥದು ಅಂತ ಕೇಳಿದ. ಪಂಪಿನದ್ದು ಅಂದೆ. ಅದಕ್ಕಿಂತ ಹೆಚ್ಚು ಇವತ್ತಿನವರೆಗೂ ಅವನಿಗೆ ಹೇಳಿಲ್ಲ.

ಅವನ ಮಗನೇ ಈಗ ಬೋಟಿನಲ್ಲಿರೋದು. ಪ್ಲಾಸ್ಟಿಕ್ ತೆಗೆದಾಯ್ತು, ನೀರು ಬರ್ತಿದೆ, ಮುಳ್ಳು 80ಕ್ಕೆ ಇಳಿಯಿತು ಅಂತ ಖುಷಿಯಿಂದ ಬರೆದ. ಪಂಪು ಒಣಗಿ ತಿರುಗಿರಬಹುದು, ದಡಕ್ಕೆ ಬಂದ ಮೇಲೆ ಬಿಚ್ಚಿ ರೆಕ್ಕೆ ಎಣಿಸು ಅಂದೆ. ಮಳೆಗಾಲದಲ್ಲಿ ತೆಗೆದಿಟ್ಟಿದ್ಯಾ ಅಂತಲೂ ಕೇಳಿದೆ.

"ಹ್ಞೂಂ ಮಾವ."

ನಿಜವಾಗ್ಲೂ ತೆಗೆದಿಟ್ಟಿದ್ಯಾ?

"ಎಷ್ಟ್ ಸಲ ಕೇಳ್ತ್ರಿ ಮಾರಾಯ್ರೆ!" ಅಂತ ಬರೆದು ಕೆಳಗೊಂದು ನಗುಮುಖ ಹಾಕಿದ.