ದಾದಿಯ ಮಗಳು

ವಾಚಕರೇ, ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಎಚ್ಚತ್ತಿರುವ ದಾದಿಯನ್ನು ಜನರು ತಾಯಿಯೆಂದು ಹೊಗಳುವದುಂಟು. ಆಕೆಯನ್ನು ಸೊಸೆಯಾಗಿ ತಂದುಕೊಳ್ಳುವ ಪ್ರಸಂಗ ಬಂದರೆ ಮಾತ್ರ ಅವರ ಮೋರೆಯು ಬೇರೆಯಾಗುವದು. ಇಪ್ಪತ್ತೆರಡು ವರ್ಷಗಳ ಹಿಂದೆ ನಮ್ಮನ್ನು ನೋಡಲು ರಾಣೇಬೆನ್ನೂರಿನಿಂದ ಬಂದ ಹಿರಿಯರೊಬ್ಬರು ಅವಲಕ್ಕಿ ತಿಂದು, ಚಹ ಕುಡಿದು, "ಹುಡುಗಿ ರಾತ್ರಿ ಪಾಳೀನೂ ಮಾಡ್ತಾಳೇನ್ರಿ?" ಎಂದು ಕೇಳಿದರು. ತಂದೆಯವರು ತಲೆ ತಗ್ಗಿಸಿದರು. ಸಂಬಂಧವು ಅಲ್ಲಿಗೇ ಮುಗಿಯಿತು. ಹಗಲು ಮಾತ್ರ ಬರುವ ರೋಗವನ್ನು ನಾವಂತೂ ಇನ್ನೂ ಕಂಡಿಲ್ಲ.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ಅಲ್ಲಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಅಷ್ಟಿಲ್ಲ. ಆದರೂ ದಿನವಿಡೀ ತೊಟ್ಟು ಬಿಡಿಸಿದ ಹೆಣ್ಣುಮಕ್ಕಳು ಸಂಜೆಗೆ ಉರಿಯುವ ಕೈಗಳನ್ನು ತಣ್ಣೀರಿನಲ್ಲಿ ಎಷ್ಟು ಅದ್ದಿದರೂ ಉರಿ ಇಳಿಯದೆ ದವಾಖಾನೆಗೆ ಬರುತ್ತಿದ್ದರು. ಖಾರವು ನೀರಿನಲ್ಲಿ ಕರಗದು. ಮೊದಲು ಎಣ್ಣೆ ತಿಕ್ಕಿ, ಬಳಿಕ ಸಾಬೂನಿನಿಂದ ತೊಳೆಯಬೇಕು. ಇಷ್ಟನ್ನು ಹೇಳಿಕೊಟ್ಟುದಕ್ಕೆ ಮುದುಕಿಯೊಬ್ಬಳು ನಮ್ಮನ್ನು "ಅಕ್ಕೋರ" ಎಂದಳು. ಸಾಲೆಯಲ್ಲಿ ಕಲಿಸುವವರಿಗೆ ಸಲ್ಲುವ ಆ ಹೆಸರಿನಿಂದ ನಮಗಾದ ಹಿಗ್ಗು, 2016ರಲ್ಲಿ ಕೇಂದ್ರ ಸರಕಾರವು ತನ್ನ ಆಸ್ಪತ್ರೆಗಳ ದಾದಿಯರನ್ನು ‘ನರ್ಸಿಂಗ್ ಆಫೀಸರ್’ ಎಂದು ಕರೆಯಹತ್ತಿದಾಗಲೂ ಆಗಲಿಲ್ಲ.

ಮರುವರ್ಷ ಹಾವೇರಿಯ ಮನೆಯೊಂದು ಪಾಳಿಯ ಮಾತೆತ್ತದೆ ನಮ್ಮನ್ನು ತುಂಬಿಸಿಕೊಂಡಿತು. ನೈಟಿಂಗೇಲ್ ಬಾಯಿಯವರು ಹುಟ್ಟಿ ಇನ್ನೂರು ವರ್ಷ ತುಂಬಿದ 2020ನೆಯ ಇಸವಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಹಾಗೂ ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ಆ ವರ್ಷವೇ ಕೊರೋನಾ ಬಂದಿತು. ಮಾರ್ಚ್ 22ರಂದು ನಮ್ಮ ಓಣಿಯವರು ತಾಟು ಬಾರಿಸಿ ನಮ್ಮಂಥವರನ್ನು ಗೌರವಿಸಿದರು. ತಿಂಗಳೊಳಗೆ ಹಾಲಿನವನು ನಮ್ಮ ಮನೆಯ ಪಾತ್ರೆಯನ್ನು ಮುಟ್ಟಲೊಲ್ಲದಾದನು.

ಇದೆಲ್ಲ ಜನರ ಮಾತಾಯಿತು. ಈ ವರ್ಷ ಮಗಳು ನರ್ಸಿಂಗ್ ಕಲಿಯುವೆನೆಂದಾಗ, "ಬ್ಯಾಡ" ಎಂಬ ಶಬ್ದವು ಮೊದಲು ಹೊರಟದ್ದು ನಮ್ಮ ಬಾಯಿಂದಲೇ.

"ಯಾಕವ್ವಾ? ನಿನ್ನ ಕೆಲಸ ಕೀಳಂತ ನಿನಗೂ ಅನಸ್ತೈತೇನು?"

"ಹಂಗಲ್ಲವ್ವಾ... ರಾತ್ರಿ ಪಾಳಿ ಇರತೈತಿ," ಎಂದೆವು. ಎಂದ ಕೂಡಲೆ ಆ ರಾಣೇಬೆನ್ನೂರಿನ ಹಿರಿಯರು ನಮ್ಮ ಕಣ್ಣ ಮುಂದೆ ಬಂದು ನಿಂತರು.

ಮಗಳು ಮತ್ತೇನೂ ಅನ್ನದೆ ಅರ್ಜಿಯನ್ನು ಮುಂದಿರಿಸಿದಳು. ತಾಯಿಯ ಉದ್ಯೋಗವೆಂಬಲ್ಲಿ ದಾದಿಯೆಂದು ದಪ್ಪಕ್ಷರಗಳಲ್ಲಿ ಬರೆದಾಗಿತ್ತು. ಗಂಟೆ ಏಳೂವರೆ. ನಾವು ರುಜು ಹಾಕಿ, ಬುತ್ತಿಯ ಚೀಲವನ್ನೆತ್ತಿಕೊಂಡು ಪಾಳಿಗೆ ಹೊರಟೆವು.