ತಲೆಗೆ ಹತ್ತದ ಮಾತು

ಪರಭಾಷೆಯನ್ನು ಕಲಿಯುವವನಿಗೆ ದೊಡ್ಡ ಶಬ್ದಗಳಿಗಿಂತ ಸಣ್ಣ ಶಬ್ದಗಳೇ ಹೆಚ್ಚು ತೊಡಕನ್ನು ತಂದೊಡ್ಡುವುವು. ದೊಡ್ಡ ಶಬ್ದದ ಅರ್ಥವು ಪ್ರಾಯಶಃ ಒಂದೇ. ಕೋಶವನ್ನು ತೆರೆದರೆ ದೊರೆಯುವುದು. ಸಣ್ಣ ಕ್ರಿಯಾಪದವಾದರೋ ಹಲವು ಮನೆಗಳಿಗೆ ದುಡಿಯುವ ಆಳಿನಂತೆ. ಯಾರ ಸಂಗಡ ನಿಂತಿತೋ ಅವರ ಕೆಲಸವನ್ನೇ ಮಾಡುವುದು. ಈ ಮಾತು ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಗ್ರಾಮದ ಒಂದು ಮನೆಯಲ್ಲಿ ಒಂದು ಸಂಜೆ ತಾನಾಗಿಯೇ ವಿಶದವಾಯಿತು.

ಆ ಮನೆಯ ಬಾಲಕನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ. ‘ಟೇಕ್’ ಎಂಬ ಆಂಗ್ಲ ಕ್ರಿಯಾಪದದಿಂದಾದ ನುಡಿಗಟ್ಟುಗಳ ಉದ್ದನೆಯ ಪಟ್ಟಿಯೊಂದನ್ನು ಅವನು ಎರಡು ರಾತ್ರಿ ಕುಳಿತು ಕಂಠಪಾಠ ಮಾಡಿದ್ದನು. ‘ಟೇಕ್ ಆಫ್’ ಎಂದರೆ ಅಂಗಿಯನ್ನು ಕಳಚುವುದೂ ಹೌದು, ವಿಮಾನವು ನೆಲವನ್ನು ಬಿಟ್ಟೇಳುವುದೂ ಹೌದು. ‘ಟೇಕ್ ಇನ್’ ಎಂದರೆ ಆಶ್ರಯ ಕೊಡುವುದೂ ಹೌದು, ಮೋಸಗೊಳಿಸುವುದೂ ಹೌದು. ಪರೀಕ್ಷೆಯಲ್ಲಿ ‘ಟೇಕ್ ಆಫ್ಟರ್’ ಬಂದಿತು. ಮಗನು ತಂದೆಯನ್ನು ಹೋಲುತ್ತಾನೆಂದು ಬರೆಯಬೇಕಾದಲ್ಲಿ, ಮಗನು ತಂದೆಯ ತರುವಾಯ ತೆಗೆದುಕೊಳ್ಳುತ್ತಾನೆಂದು ಅವನು ಬರೆದನು. ಅದನ್ನು ಗಟ್ಟಿಯಾಗಿ ಓದಿದಾಗ ತರಗತಿಯೆಲ್ಲ ನಕ್ಕಿತು. ಬಾಲಕನು ಮನೆಗೆ ಬಂದು ಪುಸ್ತಕದ ಚೀಲವನ್ನು ಮೂಲೆಗೆಸೆದು, ನಾಳೆಯಿಂದ ಶಾಲೆಗೆ ಹೋಗುವುದಿಲ್ಲ, ಹೊಲಕ್ಕೆ ಹೋಗುವೆನೆಂದು ಹೇಳಿಬಿಟ್ಟನು.

“ಇಂಗ್ಲಿಷು ನನ್ನ ತಲಿಗಿ ಹತ್ತಲ್ಲ, ಮುತ್ಯಾ.”

ಮುತ್ಯಾ ಎಂಬತ್ತೈದು ದಾಟಿದ ನಿವೃತ್ತ ಉಪಾಧ್ಯಾಯರು. ಮೊಮ್ಮಗನನ್ನು ಅವರು ಗದರಿಸಲಿಲ್ಲ. “ಹತ್ತು ಅಂದ್ರ ಏನೋ?” ಎಂದು ಕೇಳಿದರು. “ಏರೋದು” ಎಂದನು ಬಾಲಕನು. “ಹಂಗಾದ್ರ ಇಂಗ್ಲಿಷು ನಿನ್ನ ತಲಿ ಮ್ಯಾಲ ಏರಿ ಕೂಡಬೇಕೇನು?” ಬಾಲಕನು ನಿರುತ್ತರನಾದನು. ಅಷ್ಟರಲ್ಲಿ ಒಳಗಿನಿಂದ, ಅನ್ನ ತಳ ಹತ್ತಿತೆಂದು ಆಯಿ ಕೂಗಿಕೊಂಡರು. ಊಟದ ಹೊತ್ತಿನವರೆಗೆ ಆಯಿಯ ಬಾಯಿಂದ ಆ ಶಬ್ದವು ಬಂದಾಗಲೆಲ್ಲ ಬರೆದಿಡೆಂದು ಮುತ್ಯಾ ಸೀಸದಕಡ್ಡಿಯನ್ನು ಕೊಟ್ಟರು.

ಒಲೆ ಹತ್ತಿತು. ಕೂಸಿಗೆ ನಿದ್ದೆ ಹತ್ತಿತು. ಎಚ್ಚತ್ತು ಅಳಲಿಕ್ಕೆ ಹತ್ತಿತು. ನೆರೆಯವರು ಬೀದರಿನ ಬಸ್ಸು ಹತ್ತಿದರು. ನಾಯಿ ಬೆಕ್ಕಿನ ಬೆನ್ನು ಹತ್ತಿತು. ಮದುವೆಗೆ ಬಹಳ ರೊಕ್ಕ ಹತ್ತಿತು. ಯಾರಿಗೋ ಕುಡಿತದ ಚಟ ಹತ್ತಿತು. ತಳ ಹತ್ತಿದ ಅನ್ನವೂ ತಲೆಗೆ ಹತ್ತದ ಇಂಗ್ಲಿಷೂ ಸೇರಿ ಒಂಬತ್ತಾದುವು. ಎಣಿಕೆಯ ಹತ್ತನ್ನು ಕೂಡಿಸಿ ಬಾಲಕನು ತಾನೇ ಹತ್ತು ಮಾಡಿ ನಕ್ಕನು. ಆಯಿಗೆ ಅಕ್ಷರ ಬಾರದು. ಯಾವ ಪಟ್ಟಿಯನ್ನೂ ಅವರು ಕಂಠಪಾಠ ಮಾಡಿದವರಲ್ಲ.

ಮುತ್ಯಾನವರಿಗೂ ಈ ಕಷ್ಟವು ಹೊಸದಲ್ಲ. 1948ರ ಸೆಪ್ಟೆಂಬರದವರೆಗೆ ಬೀದರ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ಸರ್ಕಾರಿ ಶಾಲೆಗಳಲ್ಲಿ ಉರ್ದುವೇ ಪ್ರಧಾನ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಬೋಧನಭಾಷೆ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಚ್ಚಿ ಒಳಗೆ ಕನ್ನಡವನ್ನು ಕಲಿಸಿದ ಕಾಲವದು. ಬಾಲ್ಯದಲ್ಲಿ ಉರ್ದುವಿನ ‘ಲಗ್‌ನಾ’ ಎಂಬ ಕ್ರಿಯಾಪದವು ಮುತ್ಯಾನವರನ್ನು ಬಹಳ ಕಾಡಿತ್ತು. ‘ಆಗ್ ಲಗೀ’ ಎಂದರೆ ಬೆಂಕಿ ಹತ್ತಿತು, ‘ರೋನೇ ಲಗಾ’ ಎಂದರೆ ಅಳಲಿಕ್ಕೆ ಹತ್ತಿದನು ಎಂದು ತಿಳಿದ ದಿನ ಅವರ ಭಯವು ಹೋಯಿತು. ಮರಾಠಿಯ ‘ಲಾಗಣೇ’ ಎಂಬುದೂ ಅದೇ ಜಾಡಿನದು. ದೀಪ ಹಚ್ಚು, ಗಿಡ ಹಚ್ಚು, ಕೆಲಸಕ್ಕೆ ಹಚ್ಚು, ಜೀವ ಹಚ್ಚು ಎಂಬಲ್ಲಿಯ ‘ಹಚ್ಚು’ವಿಗೆ ಮರಾಠಿಯ ‘ಲಾವಣೇ’, ಉರ್ದುವಿನ ‘ಲಗಾನಾ’ ಸರಿಜೋಡಿ. ಒಂದೇ ಸಂತೆಯಲ್ಲಿ ಶತಮಾನಗಳ ಕಾಲ ವ್ಯವಹರಿಸಿದ ಭಾಷೆಗಳಿವು. ಆದರೂ ‘ಭೂಕ್ ಲಗೀ’ ಎಂಬುದಕ್ಕೆ ಹಸಿವು ಹತ್ತಿತೆಂದು ಯಾರೂ ಅನ್ನರು, ಹಸಿವಾಯಿತೆಂದೇ ಅನ್ನುವರು. ನೆರೆಹೊರೆಯ ಭಾಷೆಗಳಲ್ಲಿಯೇ ಹೀಗಿರಲು, ಸಮುದ್ರದಾಚೆಯ ಭಾಷೆಯು ಪದಕ್ಕೆ ಪದ ಹೊಂದಬೇಕೆಂಬುದು ವ್ಯರ್ಥಾಶೆ.

ಆಂಗ್ಲರ ಮಗುವೊಂದು ಭಾತಂಬ್ರಾಕ್ಕೆ ಬಂದು ‘ಹತ್ತು’ ಎಂದರೆ ಏರು ಎಂದಷ್ಟೇ ಕಲಿತರೆ, ಅನ್ನವು ಎಲ್ಲಿಗೆ ಏರಿತು, ನಿದ್ದೆಯು ಎಲ್ಲಿಗೆ ಏರಿತು ಎಂದು ಅದೂ ಕಣ್ಣೀರಿಡುವುದೇ ಸರಿ. ಆಂಗ್ಲರ ಆಕ್ಸ್‌ಫರ್ಡ್ ಮಹಾಕೋಶದ 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ದೀರ್ಘವಾದ ವಿವರಣೆಯು ಯಾವ ಪಾಂಡಿತ್ಯದ ಶಬ್ದಕ್ಕೂ ಅಲ್ಲ, ‘ಸೆಟ್’ ಎಂಬ ಮೂರಕ್ಷರದ ಶಬ್ದಕ್ಕೆ. ಅಲ್ಲಿಯೂ ಹೆಚ್ಚು ದುಡಿಯುವುದು ಸಣ್ಣ ಆಳೇ. ಇಂತಹ ಕ್ರಿಯಾಪದವನ್ನು ಅದರ ಸಂಗಾತಿಗಳಿಂದ ಬೇರ್ಪಡಿಸಿ ಪಟ್ಟಿಯಲ್ಲಿ ನಿಲ್ಲಿಸಿದರೆ ಅದು ಮೂಕವಾಗುವುದು. ಆಯಿಯ ಮಾತಿನಲ್ಲಿ ಒಲೆಯಿತ್ತು, ಕೂಸಿತ್ತು, ಬಸ್ಸಿತ್ತು. ಬಾಲಕನ ಪಟ್ಟಿಯಲ್ಲಿ ಏನೂ ಇರಲಿಲ್ಲ.

ಆದುದರಿಂದ ಮುತ್ಯಾ ಒಂದೇ ನಿಯಮವನ್ನು ಹಾಕಿಕೊಟ್ಟರು: ದಿನಕ್ಕೊಂದೇ ನುಡಿಗಟ್ಟು, ಅದೂ ಪೂರ್ಣ ವಾಕ್ಯದಲ್ಲಿ, ಆ ದಿನ ಮನೆಯಲ್ಲಿ ನಡೆದ ಸಂಗತಿಯನ್ನೇ ಕುರಿತು. ಇಷ್ಟರಿಂದ ಬಾಲಕನು ಪಂಡಿತನಾಗಲಿಲ್ಲ. ಮುಂದಿನ ಪರೀಕ್ಷೆಯೂ ಇನ್ನೂ ಬರಬೇಕಾಗಿದೆ. ಮರುದಿನ ಬೆಳಗ್ಗೆ ಆಯಿ ಎಂದಿನಂತೆ ರೊಟ್ಟಿಯ ಬುತ್ತಿಯನ್ನು ಕಟ್ಟಿ ಹೊಸ್ತಿಲ ಬಳಿ ಇಟ್ಟರು. ಹೊಲಕ್ಕೋ ಶಾಲೆಗೋ ಎಂದು ಯಾರೂ ಕೇಳಲಿಲ್ಲ. ಬಾಲಕನು ಮೂಲೆಯ ಚೀಲವನ್ನೆತ್ತಿ ಧೂಳನ್ನು ಕೊಡವಿ, ಬುತ್ತಿಯನ್ನು ಅದರೊಳಗಿಟ್ಟುಕೊಂಡು ಹೊರಟನು. ಅವನ ಹೊಸ ವಹಿಯ ಮೊದಲನೆಯ ಪುಟದಲ್ಲಿ ‘ಇಟ್ ಟೇಕ್ಸ್ ಟೈಮ್’ ಎಂದಿದ್ದಿತು. ಅದರೆದುರಿಗೆ, ತೆಗೆದುಕೊಳ್ಳುವ ಗೊಡವೆಯೇ ಇಲ್ಲದೆ, ‘ವೇಳೆ ಹತ್ತುತ್ತದೆ’ ಎಂದು ಬರೆದಿದ್ದಿತು.